ಅತಿಥಿಗಳು ಬರುವ ತನಕ

ನಮ್ಮೂರಿನ ಸಂಗೀತ ಸಭಾದವರು ಈಚೆಗೆ ಹೊರತಂದ ಪುಸ್ತಿಕೆಯ ಕೊನೆಯ ಪುಟದಲ್ಲಿ, ಸೀರೆ ಅಂಗಡಿಯ ಜಾಹೀರಾತಿನ ಕೆಳಗೆ, ಎರಡು ಸಾಲು ಅಚ್ಚಾಗಿವೆ. ಸಭಾದ ಕಾರ್ಯಕ್ರಮಗಳಿಗೆ ಹಲವು ವರ್ಷ ಧ್ವನಿವರ್ಧಕ ವ್ಯವಸ್ಥೆ ಒದಗಿಸುತ್ತಿದ್ದ ಸ್ಥಳೀಯರೊಬ್ಬರು ತೀರಿಕೊಂಡಿದ್ದಾರೆ, ಅವರ ಆತ್ಮಕ್ಕೆ ಶಾಂತಿ ಸಿಗಲಿ, ಅಷ್ಟೆ. ಆ ಎರಡು ಸಾಲು ಬರೆದವಳು ನಾನಲ್ಲ. ನಾನು ಬರೆದುಕೊಟ್ಟದ್ದು ನಾಲ್ಕು ಪುಟ. "ಜಾಗ ಇಲ್ಲ ಮೇಡಂ" ಎಂದರು ಅಧ್ಯಕ್ಷರು. ಅದೇ ಪುಸ್ತಿಕೆಯಲ್ಲಿ ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಳ್ಳುತ್ತಿರುವ ಫೋಟೋಗಳಿಗೆ ಆರು ಪುಟ ಜಾಗವಿತ್ತು. ಆಗಲಿ. ಇಲ್ಲಿ ಜಾಗ ನನ್ನದು, ಬೇಕಾದಷ್ಟು ಬರೆಯುತ್ತೇನೆ.

ಚಿತ್ರದುರ್ಗದಲ್ಲಿ ಎಲ್ಲರೂ ಅವರನ್ನು ಮೈಕ್‌ಸೆಟ್ ಸಾಬ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಬೋರ್ಡಿನ ಮೇಲೂ ಅವರು ಅದನ್ನು ಬರೆಸಿರಲಿಲ್ಲ, ಬರೀ "ಮೈಕ್‌ಸೆಟ್ ಸಿಗುತ್ತದೆ" ಎಂದು ಇತ್ತು. ನಮ್ಮ ಕಾರ್ಯಕ್ರಮಗಳ ವಂದನಾರ್ಪಣೆಯಲ್ಲಿ ಎಲ್ಲರ ಹೆಸರು ಮುಗಿದ ಮೇಲೆ, ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ, "ಶಾಮಿಯಾನ ಹಾಗೂ ಧ್ವನಿವರ್ಧಕದವರಿಗೂ" ಎಂದು ಒಂದು ಮಾತು ಬರುತ್ತದಲ್ಲ, ಅದರಲ್ಲಿ ಅವರು ಮೂವತ್ತು ವರ್ಷ ಇದ್ದರು. ಅದರ ಬಗ್ಗೆ ಅವರಿಗೆ ಬೇಜಾರಿರಲಿಲ್ಲ. ಬೇರೆಯವರ ಹೆಸರು ಬಿಟ್ಟರೆ ಮಾತ್ರ ಸಿಟ್ಟು ಬರುತ್ತಿತ್ತು.

ಎತ್ತರದ ಆಳು, ಮೈಯಲ್ಲಿ ಮಾಂಸ ಕಡಿಮೆ, ಅಂಗಿ ಜೇಬಿನಲ್ಲಿ ಪೆನ್ನಿನ ಬದಲು ಒಂದು ಸ್ಕ್ರೂಡ್ರೈವರ್. ತಲೆಮಾರುಗಳಿಂದ ಇದೇ ಊರಿನವರು. ಅವರ ಮುತ್ತಾತ ತಗಡಿನ ಕೆಲಸದವರಂತೆ, ಅಪ್ಪ ಸ್ಟೌವ್ ರಿಪೇರಿ, ಇವರು ಮೈಕು. ಯಾವುದೇ ಹಾಡು ಕೇಳುವಾಗ ಮೇಜಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲುತ್ತಿದ್ದರು. ಹಾಡು ಹಿಡಿಸದಿದ್ದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಪಕ್ಕದಲ್ಲಿ ಬಿದ್ದ ವೈರನ್ನು ಮೊಣಕೈಗೆ ಸುತ್ತಲು ಶುರು ಮಾಡುತ್ತಿದ್ದರು. ದೊಡ್ಡ ದೊಡ್ಡ ಗಾಯಕರ ಕಛೇರಿ ನಡೆಯುತ್ತಿರುವಾಗಲೂ ವೇದಿಕೆಯ ಪಕ್ಕದಲ್ಲಿ ಅವರು ವೈರು ಸುತ್ತುವುದನ್ನು ನಾನು ನೋಡಿದ್ದೇನೆ. ಆಮೇಲೆ ನನಗೂ ಹಾಡಿಗಿಂತ ಮೊದಲು ಅವರ ಮೊಣಕೈ ನೋಡುವ ಚಾಳಿ ಬಿತ್ತು.

ಅವರ ವಿದ್ಯೆಯೆಲ್ಲ ಇದ್ದದ್ದು ಕಾರ್ಯಕ್ರಮ ಶುರುವಾಗುವ ಮುಂಚಿನ ಹೊತ್ತಿನಲ್ಲಿ. ನಮ್ಮ ಕಡೆ ಆಹ್ವಾನ ಪತ್ರಿಕೆಯಲ್ಲಿ ಐದು ಗಂಟೆ ಎಂದಿದ್ದರೆ ಜನ ಐದೂವರೆಗೆ ಬರುತ್ತಾರೆ, ಅತಿಥಿಗಳು ಆರೂವರೆಗೆ. ಆ ನಡುವಿನ ಹೊತ್ತು ಯಾರಿಗೂ ಸೇರಿದ್ದಲ್ಲ. ಬೇರೆ ಮೈಕ್‌ನವರು ಅದನ್ನು "ಹಲೋ ಹಲೋ, ಒನ್ ಟೂ ತ್ರೀ" ಎಂದು ಕಳೆಯುತ್ತಿದ್ದರು, ಇಲ್ಲವೆ ಎಲ್ಲರಿಗೂ ಬಾಯಿಪಾಠವಾದ ಭಕ್ತಿಗೀತೆ ಹಾಕುತ್ತಿದ್ದರು. ಇವರು ತಾವೇ ಊರೂರು ಸುತ್ತಿ ರೆಕಾರ್ಡ್ ಮಾಡಿಕೊಂಡು ಬಂದ ಹಾಡು ಹಾಕುತ್ತಿದ್ದರು. ಮೊದಲು ಕ್ಯಾಸೆಟ್ಟು, ಆಮೇಲೆ ಪೆನ್‌ಡ್ರೈವ್. ಎಲ್ಲ ಯಾರೂ ಹೆಸರು ಕೇಳದ ಜನರವು. ಅತಿಥಿಗಳು ತಡಮಾಡಿದಷ್ಟೂ ಅವರಿಗೆ ಖುಷಿ. ಸಂಘಟಕರು ಬಾಗಿಲಲ್ಲಿ ಬೆವರು ಒರೆಸಿಕೊಳ್ಳುತ್ತ ರಸ್ತೆ ನೋಡುತ್ತಿದ್ದರೆ, ಇವರು ಆಂಪ್ಲಿಫೈಯರ್ ಪಕ್ಕದಲ್ಲಿ ಮದುವೆ ಮನೆಯ ಯಜಮಾನನ ಹಾಗೆ ನಿಂತಿರುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದೂ ಹಾಗೇ. ಹೆಣ್ಣುಮಕ್ಕಳ ಹೈಸ್ಕೂಲಿಗೆ ಗಣಿತದ ಟೀಚರಾಗಿ ಆಗಷ್ಟೇ ಸೇರಿದ್ದೆ. ಶಾಲೆಯ ವಾರ್ಷಿಕೋತ್ಸವ. ಅತಿಥಿಗಳು ಬಂದಿಲ್ಲ, ಮಕ್ಕಳ ಮುಖದ ಬಣ್ಣ ಬೆವರಲ್ಲಿ ಇಳಿಯುತ್ತಿದೆ. ಮರಕ್ಕೆ ಕಟ್ಟಿದ ಹಾರ್ನಿನಲ್ಲಿ ಒಬ್ಬ ಹೆಂಗಸಿನ ದನಿ ಬಂತು. ಪಕ್ಕವಾದ್ಯ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಹಿಂದೆ ಎಲ್ಲೋ ಒಂದು ಕುರಿಮರಿ ಅರಚುತ್ತಿದೆ. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಸಂಗೀತ ಕಲಿತು, ನನಗೆ ಸಂಗೀತ ಗೊತ್ತು ಎಂದುಕೊಂಡಿದ್ದವಳು. ಎದ್ದು ಹೋಗಿ ಕೇಳಿದೆ, ಯಾರು ಇದು ಹಾಡ್ತಿರೋದು ಅಂತ.

"ಮೊದ್ಲು ಪೂರ್ತಿ ಕೇಳ್ರಿ ಮೇಡಮ್ಮೋರೆ. ಅರ್ಧಕ್ಕೇ ಹೆಸರು ಕೇಳಬಾರದು" ಎಂದರು.

ಪೂರ್ತಿ ಕೇಳಿದೆ. ಆಮೇಲೆ ಹೇಳಿದರು. "ಈರಕ್ಕ ಅಂತ. ಕುರಿ ಕಾಯೋರು. ಹಿರಿಯೂರು ಬಸ್ಸು ಹತ್ತಿ, ಅಲ್ಲಿಂದ ಆಟೋ. ಒಂಬತ್ತರ ಒಳಗೆ ಹೋದ್ರೆ ಮನ್ಯಾಗೆ ಸಿಗ್ತಾರೆ. ತಡ ಮಾಡಿದ್ರೆ ಕುರಿ ಹಿಂದೆ ಹೋಗಿರ್ತಾರೆ, ನೀವೂ ಹುಡುಕ್ಕಂತ ಹೋಗಬೇಕಾಗತೈತೆ."

"ಇನ್ನೂ ಏನೇನು ಹಾಡ್ತಾರೆ, ಹೇಗೆ ಹಾಡ್ತಾರೆ?"

"ಹೆಂಗೆ ಅಂತ ನಾನು ಹೇಳಿಬಿಟ್ರೆ ನೀವು ಬಸ್ಸು ಹತ್ತಲ್ಲ."

ಅವರು ಶಿಫಾರಸು ಮಾಡುತ್ತಿದ್ದದ್ದೇ ಹೀಗೆ. ಅದ್ಭುತ, ಅಮೋಘ, ಗಂಧರ್ವ ಇತ್ಯಾದಿ ಮಾತು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ, ಮನೆ ಮುಂದೆ ನಾಯಿ ಇದೆಯೇ, ಇಷ್ಟೇ. ಕ್ರಮೇಣ ನಾವು ಏಳೆಂಟು ಮಂದಿ ಅವರ ಮಾತಿನ ಮೇಲೆ ಬಸ್ಸು ಹತ್ತುವವರಾದೆವು. ಔಷಧಿ ಅಂಗಡಿಯವರೊಬ್ಬರು, ಒಬ್ಬ ಪೋಸ್ಟ್‌ಮ್ಯಾನ್, ಒಬ್ಬ ಟೈಲರ್, ನಾನು, ಹೀಗೆ. ಹೊಳಲ್ಕೆರೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರ ಮನೆಗೆ ಹೋದೆವು. ರಿಪೇರಿಗೆ ಕೊಟ್ಟವರಿಗಿಂತ ಅವರೇ ನೂರು ಪಾಲು ಚೆನ್ನಾಗಿ ನುಡಿಸುತ್ತಿದ್ದರು. ಪೆಟ್ಟಿಗೆ ಸರಿಹೋಗಿದೆಯೇ ಎಂದು ನೋಡುವ ನೆಪದಲ್ಲಿ ಒಂದೊಂದು ಗಂಟೆ. ತುರುವನೂರಿಗೆ ಹೋದೆವು, ಅಲ್ಲಿ ತತ್ವಪದ ಹಾಡುವ ಮುದುಕರೊಬ್ಬರು ನಾವು ಬಂದದ್ದಕ್ಕೆ ಸಂಕೋಚಪಟ್ಟು ಮೊದಲು ಹೊಲ ತೋರಿಸಿದರು, ಆಮೇಲೆ ಹಾಡಿದರು.

ಎಲ್ಲ ಸಲವೂ ಗೆದ್ದೆವು ಎಂದು ಬರೆದರೆ ಸಾಬ್ರೇ ಒಪ್ಪಲಿಕ್ಕಿಲ್ಲ. ಭರಮಸಾಗರದಲ್ಲಿ ಒಬ್ಬ ಪಿಟೀಲಿನವರಿದ್ದರು. ಇವರ ಮಾತು ನಂಬಿ ಎಂಟೂ ಜನ ಹೋದೆವು. ಒಂದೂವರೆ ತಾಸು ನುಡಿಸಿದರು. ಹೊರಗೆ ಕೆರೆ ಏರಿಯ ಮೇಲೆ ಎಮ್ಮೆಗಳು ಸುಖವಾಗಿ ಮೇಯುತ್ತಿದ್ದವು, ನಾವು ಒಳಗೆ ಸಿಕ್ಕಿಬಿದ್ದಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ದಾರಿ ಅರ್ಧ ಕಳೆದ ಮೇಲೆ ಸಾಬ್ರೇ ಬಾಯಿ ಬಿಟ್ಟರು. "ಐದು ನಿಮಿಷ ಚೆನ್ನಾಗಿತ್ತು ಕಣ್ರಿ."

"ಯಾವ ಐದು ನಿಮಿಷ ಸಾಬ್ರೆ?" ಎಂದರು ಔಷಧಿ ಅಂಗಡಿಯವರು.

"ಹೋದ ವರ್ಷ ನಾನು ಒಬ್ನೇ ಬಂದಾಗ ನುಡಿಸಿದ್ರಲ್ಲ, ಅದು."

ಸಭಾದಲ್ಲಿ ಅವರ ಬಗ್ಗೆ ಆಡಿಕೊಳ್ಳುವವರಿದ್ದರು. ಮೈಕಿನವನಿಗೆ ಯಾಕಪ್ಪ ಸಂಗೀತದ ಉಸಾಬರಿ ಎಂದು ಒಬ್ಬರು. ತಾನೇ ಕಂಡುಹಿಡಿದೆ ಎನ್ನುವ ಜಂಬ ಎಂದು ಇನ್ನೊಬ್ಬರು. ಜಂಬ ಇತ್ತು, ಇಲ್ಲ ಎನ್ನುವುದಿಲ್ಲ. ಒಳ್ಳೆಯ ಹಾಡುಗಾರ ಸಿಕ್ಕ ಮರುದಿನ ಅವರ ನಡಿಗೆಯೇ ಬೇರೆ ಇರುತ್ತಿತ್ತು. ಆದರೆ ಬೇರೆಯವರ ಗುಣಕ್ಕೆ ಜಂಬಪಡುವವರು ಊರಲ್ಲಿ ಎಷ್ಟು ಮಂದಿ ಇದ್ದಾರೆ, ಹೇಳಿ. ಅದೊಂದು ತಪ್ಪಾದರೆ ನನಗೂ ಒಂದಿಷ್ಟು ಬರಲಿ. ಪೋಸ್ಟ್‌ಮ್ಯಾನ್ ಒಮ್ಮೆ ಫೋನಿನಲ್ಲಿ ಒಂದು ಹಾಡು ತೋರಿಸಿ, ಇದನ್ನು ಹತ್ತು ಲಕ್ಷ ಜನ ನೋಡಿದ್ದಾರೆ ಸಾಬ್ರೆ, ಕೇಳಿ ಎಂದ. ಅವರು ಮೇಜಿನ ಅಂಚು ಹಿಡಿದು ಪೂರ್ತಿ ಕೇಳಿದರು. ಚೆನ್ನಾಗೈತೆ ಎಂದೂ ಹೇಳಿದರು. "ಆದ್ರೆ ಹತ್ತು ಲಕ್ಷದ ಮ್ಯಾಲೆ ನಾನೊಬ್ಬ ಯಾಕೆ? ನಮ್ಮ ಈರಕ್ಕಗೆ ನಾನು ಹೋದ್ರೆ ಮನೆ ತುಂಬತೈತೆ."

ಈಗ ಓಬಣ್ಣನವರ ವಿಷಯ. ಇದನ್ನು ಬರೆಯಲಿಕ್ಕೇ ನಾನು ಕುಳಿತಿರುವುದು. ಬರೆಯಲು ನನಗೆ ನಾಚಿಕೆಯೂ ಇದೆ.

ಓಬಣ್ಣನವರು ಹೊಸದುರ್ಗದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ನುಡಿಸುವವರು. ಮದುವೆ, ಗೃಹಪ್ರವೇಶ, ಮೆರವಣಿಗೆ. ಗುರು ಅವರ ಸೋದರಮಾವ, ಶಾಲೆ ಮದುವೆ ಮಂಟಪಗಳು. ತೋಡಿ ರಾಗವನ್ನು ಅವರು ನುಡಿಸುವಂತೆ ನುಡಿಸುವವರನ್ನು ತಾನು ಕೇಳಿಲ್ಲ ಎಂದು ಸಾಬ್ರು ಒಮ್ಮೆ ಹೇಳಿದರು. ಅವರು ಅಷ್ಟು ಉದ್ದದ ಹೊಗಳಿಕೆ ಹೇಳಿದ್ದು ಅದೊಂದೇ ಸಲ. ಆದರೆ ಒಂದು ತೊಡಕಿತ್ತು. ಓಬಣ್ಣನವರು ಆ ರಾಗವನ್ನು ಮುಗಿಸಿದ್ದನ್ನು ಯಾರೂ ಕೇಳಿರಲಿಲ್ಲ. ಮದುವೆಯಲ್ಲಿ ಆಲಾಪನೆ ಮೇಲಕ್ಕೆ ಏರುವ ಹೊತ್ತಿಗೆ ಪುರೋಹಿತರು ಕೈ ಎತ್ತಿ ಗಟ್ಟಿಮೇಳ ಎನ್ನುತ್ತಾರೆ. ರಾಗ ಎಲ್ಲಿದೆಯೋ ಅಲ್ಲೇ ಬಿಟ್ಟು, ಡೋಲಿನ ಜೊತೆ ಸೇರಿ ಜೋರಾಗಿ ಊದಬೇಕು. ಆಮೇಲೆ ಅಕ್ಷತೆ, ಆಮೇಲೆ ಸಿನಿಮಾ ಹಾಡು, ಆಮೇಲೆ ಊಟ. ನಲವತ್ತು ವರ್ಷ ಅವರ ತೋಡಿ ಯಾರದ್ದೋ ಕೈ ಎದ್ದ ಕಡೆ ನಿಂತಿತ್ತು. ಸಾಬ್ರು ಅವರ ಮನೆಗೇ ಹೋಗಿ ರೆಕಾರ್ಡ್ ಮಾಡಿದ್ದರು. ಅದರಲ್ಲೂ ಇಪ್ಪತ್ತನೇ ನಿಮಿಷಕ್ಕೆ ಹೊರಗಿನಿಂದ ಯಾರೋ "ಓಬಣ್ಣೋ, ವ್ಯಾನು ಬಂತು" ಎಂದು ಕೂಗುತ್ತಾರೆ. ಅಲ್ಲಿಗೆ ನಿಂತಿತು.

ಸಾಬ್ರಿಗೆ ಅದೊಂದು ಹಟ ಹಿಡಿಯಿತು. ಈ ಊರಿನ ಜನ ಕುರ್ಚಿಯ ಮೇಲೆ ಕುಳಿತು ಓಬಣ್ಣನವರ ತೋಡಿಯನ್ನು ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳಬೇಕು, ತಾನೂ ಕೇಳಬೇಕು. ಆ ಹೊತ್ತಿಗೆ ನಾನು ಸಭಾದ ಜಂಟಿ ಕಾರ್ಯದರ್ಶಿಯಾಗಿದ್ದೆ. ಪ್ರತಿ ವರ್ಷ ಸಂಗೀತೋತ್ಸವದ ಪಟ್ಟಿ ಮಾಡುವಾಗ ಬಂದು ಕೇಳುತ್ತಿದ್ದರು. ನಾನು ಸಮಿತಿಯ ಮುಂದೆ ಇಡುತ್ತಿದ್ದೆ. ಬ್ಯಾಂಡಿನವರಿಗೆ ಕಛೇರಿ ಕೊಟ್ಟರೆ ಸಭಾದ ಗೌರವ ಏನಾಗಬೇಕು ಎಂದು ಅಧ್ಯಕ್ಷರು ಕೇಳುತ್ತಿದ್ದರು. ನಾನು ಸುಮ್ಮನಾಗುತ್ತಿದ್ದೆ. ಕೊನೆಗೆ ಒಂದು ವರ್ಷ ಅಧ್ಯಕ್ಷರು ಧಾರಾಳತನ ತೋರಿದರು. ಉದ್ಘಾಟನೆಯ ದಿನ ಅತಿಥಿಗಳು ಬರುವ ತನಕ ಹತ್ತು ನಿಮಿಷ ನುಡಿಸಲಿ, ಮಂಗಳವಾದ್ಯ ಅಂತ ಹಾಕೋಣ ಎಂದರು. ನಾನು ದೊಡ್ಡ ಉಡುಗೊರೆ ಹೊತ್ತವಳ ಹಾಗೆ ಸಾಬ್ರ ಅಂಗಡಿಗೆ ಹೋದೆ.

ಅವರು ಕೇಳಿ, ಕೈಯಲ್ಲಿದ್ದ ಮೈಕನ್ನು ಮೇಜಿನ ಮೇಲಿಟ್ಟರು. "ಬ್ಯಾಡ ಮೇಡಮ್ಮೋರೆ. ಖಾಲಿ ಕುರ್ಚಿಗೆ ಕ್ಯಾಸೆಟ್ಟು ಹಾಕ್ತೀನಿ ನಾನು, ಅದು ನನ್ನ ಕಸುಬು. ಮನುಷ್ಯರನ್ನ ಕುಂಡ್ರಿಸಲ್ಲ. ಬ್ಯಾಡ ಅಂದ್ರು ಅಂತ ಬರ್ಕಳ್ರಿ."

ಬರೆದುಕೊಂಡೆ. ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಓಬಣ್ಣನವರನ್ನು ಕೇಳಬೇಕಿತ್ತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ವಾರದ ನಂತರ ಓಬಣ್ಣನವರೇ ಹೊಸದುರ್ಗದಿಂದ ಬಸ್ಸು ಹತ್ತಿ ಬಂದರು. ನಾನು ಒಂದು ಫ್ಯೂಸು ಹೋದ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಅಂಗಡಿಯಲ್ಲೇ ಕುಳಿತಿದ್ದೆ. ಕುಳ್ಳಗಿನ ಮನುಷ್ಯ, ಬಿಳಿ ಅಂಗಿ, ತುಟಿಯ ನಡುವೆ ಕ್ಲಾರಿನೆಟ್ಟಿನ ರೀಡು ಒತ್ತಿ ಒತ್ತಿ ಆದ ಗುರುತು. ನಿಂತೇ ಮಾತಾಡಿದರು.

"ನಂಗೆ ಹತ್ತು ನಿಮಿಷ ಕೊಟ್ಟಿದ್ರಂತೆ. ನೀವು ಬ್ಯಾಡ ಅಂದ್ರಂತೆ."

"ಅದು ಮರ್ಯಾದೆ ಅಲ್ಲ ಓಬಣ್ಣ. ಖಾಲಿ ಕುರ್ಚಿ..."

"ಸಾಬ್ರೆ, ನಲವತ್ತು ವರ್ಷ ಊಟದ ಪಂಕ್ತಿಗೆ ನುಡಿಸಿದೀನಿ. ಜನ ಅನ್ನ ಸಾರು ಅಂತ ಕೂಗ್ತಿರ್ತಾರೆ, ನಾನು ನುಡಿಸ್ತಿರ್ತೀನಿ. ಖಾಲಿ ಕುರ್ಚಿ ನಂಗೇನು ಮಾಡ್ತಾವೆ? ಅವು ಎದ್ದು ಹೋಗಲ್ಲ, ಅಷ್ಟೇ ಸಾಕು. ನನ್ನ ಪರವಾಗಿ ಬ್ಯಾಡ ಅನ್ನಾಕೆ ನೀವ್ಯಾರು?"

ಸಾಬ್ರು ಸ್ಟೂಲು ಎಳೆದು "ಕುಂತ್ಕಳ್ರಿ" ಎಂದರು. ಓಬಣ್ಣನವರು ಕೂರಲಿಲ್ಲ. ಸಾಬ್ರು ನನ್ನ ಕಡೆ ತಿರುಗಿದರು. "ತಪ್ಪಾತು ಮೇಡಮ್ಮೋರೆ. ಆ ಜಾಗ ಇನ್ನೂ ಐತಾ?"

ಇತ್ತು. ಓಬಣ್ಣನವರು ಹೋದ ಮೇಲೆ ಸಾಬ್ರಿಗೆ ಮೆಲ್ಲನೆ ಒಂದು ಲೆಕ್ಕ ಹೊಳೆಯಿತು. ಆ ವರ್ಷದ ಉದ್ಘಾಟಕರು ಯಾರು ಎಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು. "ಅವರಿಗೆ ನಾನು ಎಷ್ಟು ಸಲ ಮೈಕ್ ಕಟ್ಟಿಲ್ಲ. ಒಂದೂವರೆ ತಾಸಿಗಿಂತ ಬೇಗ ಬಂದೋರೇ ಅಲ್ಲ. ನೀವು ಹತ್ತು ನಿಮಿಷ ಅಂತ ಹಾಕ್ಕಳ್ರಿ, ಹಾಕ್ಕಳ್ರಿ. ನಮ್ಮ ಓಬಣ್ಣ ತೋಡಿ ಮುಗಿಸಿ, ಕಾಫಿ ಕುಡಿದು ಹೊಸದುರ್ಗ ಸೇರ್ಕಂತಾನೆ." ಇಬ್ಬರೂ ನಕ್ಕೆವು. ಆ ಮಹಾನುಭಾವರ ತಡದ ಮೇಲೆ ನನಗೂ ಪೂರ್ತಿ ನಂಬಿಕೆಯಿತ್ತು.

ಆ ದಿನ ಐದಕ್ಕೆ ಓಬಣ್ಣನವರು ವೇದಿಕೆಯ ಅಂಚಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತರು. ನಡುವಿನ ಜಾಗ ಉದ್ಘಾಟನೆಯ ದೀಪಕ್ಕೆ ಮೀಸಲು. ಆಹ್ವಾನ ಪತ್ರಿಕೆಯಲ್ಲಿ "ಮಂಗಳವಾದ್ಯ: ಹೊಸದುರ್ಗದ ತಂಡ" ಎಂದಿತ್ತು, ಹೆಸರಿರಲಿಲ್ಲ. ಆ ಪತ್ರಿಕೆಯ ಕರಡು ತಿದ್ದಿದವಳು ನಾನೇ. ಸಾಬ್ರು ಅವರಿಗೆ ತಮ್ಮಲ್ಲಿದ್ದ ಅತ್ಯುತ್ತಮ ಮೈಕು ಕೊಟ್ಟು, ಅದನ್ನು ನಾಲ್ಕು ಸಲ ಸರಿಸಿ, ಮೇಜಿನ ಅಂಚು ಹಿಡಿದು ನಿಂತರು. ತೋಡಿ ಶುರುವಾಯಿತು.

ಅದು ಹೇಗಿತ್ತು ಎಂದು ನಾನು ಹೇಳುವುದಿಲ್ಲ, ಸಾಬ್ರಿಂದ ಅಷ್ಟಾದರೂ ಕಲಿತಿದ್ದೇನೆ. ಹೊರಗೆ ಕಡಲೆಕಾಯಿ ತಿನ್ನುತ್ತ ನಿಂತಿದ್ದವರು ಒಳಗೆ ಬಂದು ಕುಳಿತರು ಎಂದಷ್ಟೇ ಹೇಳುತ್ತೇನೆ. ಅರ್ಧ ಹಾಲು ತುಂಬಿತು. ಐದೂ ಇಪ್ಪತ್ತಕ್ಕೆ ಬಾಗಿಲಲ್ಲಿ ಗದ್ದಲವಾಯಿತು. ಅತಿಥಿಗಳು ಬಂದುಬಿಟ್ಟಿದ್ದರು. ದಾವಣಗೆರೆಯಲ್ಲಿ ಅವರಿಗಿದ್ದ ಇನ್ನೊಂದು ಕಾರ್ಯಕ್ರಮ ರದ್ದಾಗಿತ್ತಂತೆ. ತಮ್ಮ ಜೀವಮಾನದಲ್ಲಿ ಮೊದಲ ಸಲ ಅವರು ಹೆಚ್ಚುಕಡಿಮೆ ಹೊತ್ತಿಗೆ ಸರಿಯಾಗಿ ಬಂದದ್ದು ಅಂದು.

ಅಧ್ಯಕ್ಷರು ನನ್ನ ಮೊಣಕೈ ತಿವಿದರು. ನಾನು ವೇದಿಕೆಯ ಕೆಳಗೆ, ಓಬಣ್ಣನವರ ಎದುರಿಗೇ ಇದ್ದೆ. ನಾನು ಕೈ ಎತ್ತಿದೆ.

ಎತ್ತದೆ ಇರಬಹುದಿತ್ತು. ಅತಿಥಿಗಳಿಗೆ ಹಾರ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿ, ನೀವೂ ಕೇಳಿ ಎನ್ನಬಹುದಿತ್ತು. ಅದೆಲ್ಲ ಈಗ ಹೊಳೆಯುತ್ತದೆ. ಆಗ ನನ್ನ ಕೈ ತಾನೇ ಎದ್ದಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಎತ್ತಿದೆ. ಓಬಣ್ಣನವರು ನೋಡಿದರು, ಸ್ವರದ ನಡುವೆಯೇ ನಿಲ್ಲಿಸಿದರು. ಮುಖದಲ್ಲಿ ಬೇಸರ ಕೂಡ ಇರಲಿಲ್ಲ. ವಾದ್ಯ ಒರೆಸಿಕೊಂಡು, ಸಭೆಗೆ ಕೈ ಮುಗಿದು, ತಾವು ಕುಳಿತಿದ್ದ ಕುರ್ಚಿಯನ್ನು ತಾವೇ ಎತ್ತಿಕೊಂಡು ಕೆಳಗಿಳಿದರು.

ಆಗ ಸಾಬ್ರು ವೇದಿಕೆ ಹತ್ತಿದರು. ಮೈಕು ಸರಿಪಡಿಸಲು ಬಂದರು ಎಂದು ಎಲ್ಲರೂ ಅಂದುಕೊಂಡರು. ಮೂವತ್ತು ವರ್ಷ ಬೇರೆಯವರ ಬಾಯಿಗೆ ಮೈಕು ಹಿಡಿದ ಮನುಷ್ಯ ಅಂದು ತಾವು ಮಾತಾಡಿದರು. "ಈಗ ನುಡಿಸಿದೋರು ಹೊಸದುರ್ಗದ ಓಬಣ್ಣೋರು. ರಾಗ ತೋಡಿ. ಅವರು ಮುಗಿಸಿಲ್ಲ, ನಾವು ನಿಲ್ಲಿಸಿದೀವಿ." ಅಷ್ಟು ಹೇಳಿ ಇಳಿದು ಆಂಪ್ಲಿಫೈಯರ್ ಪಕ್ಕಕ್ಕೆ ಹೋದರು. ಆಮೇಲೆ ಅತಿಥಿಗಳು ಮುಕ್ಕಾಲು ಗಂಟೆ ಭಾಷಣ ಮಾಡಿದರು. ಒಂದು ಅಕ್ಷರವೂ ಕೆಡದಂತೆ, ಒಂದು ಸಲವೂ ಕುಂಯ್‌ಗುಡದಂತೆ ಸಾಬ್ರು ಅದನ್ನು ಕೊನೆಯ ಸಾಲಿನವರೆಗೆ ಮುಟ್ಟಿಸಿದರು. ಸೇಡು ತೀರಿಸಿಕೊಳ್ಳಲು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಕಸುಬಿಗೆ ದ್ರೋಹ ಮಾಡುವವರು ಅವರಲ್ಲ.

ಮುಂದಿನ ವರ್ಷದಿಂದ ಸಭಾ ಬೇರೆ ಮೈಕಿನವರನ್ನು ಗೊತ್ತು ಮಾಡಿತು. ನಿರ್ಣಯಕ್ಕೆ ನಾನೂ ಸಹಿ ಹಾಕಿದೆ. ನಿವೃತ್ತಿಯಾದ ಮೇಲೆ ನನಗಿದ್ದ ಹುದ್ದೆ ಅದೊಂದೇ, ಬಿಡಲು ಮನಸ್ಸಾಗಲಿಲ್ಲ.

ಆ ಉತ್ಸವ ಮುಗಿದ ಒಂದು ವಾರಕ್ಕೆ ನಾನು ಅವರ ಅಂಗಡಿಗೆ ಹೋಗಿ, ತಪ್ಪಾಯಿತು ಸಾಬ್ರೆ ಎಂದಿದ್ದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಂಗ್ಯಾಕೆ ಹೇಳ್ತೀರಿ? ಹೊಸದುರ್ಗಕ್ಕೆ ಬಸ್ಸು ಐತಲ್ಲ" ಎಂದರು. ನಾನು ಆ ಬಸ್ಸು ಹತ್ತಲಿಲ್ಲ. ಇಂದು, ನಾಳೆ ಎನ್ನುತ್ತ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ಸಾಬ್ರಿಗೆ ಎದೆಯ ಕಾಯಿಲೆ ಬಂತು, ಅಂಗಡಿಗೆ ಬರುವುದು ನಿಂತಿತು. ನಮ್ಮ ಗುಂಪಿನ ವಾಟ್ಸಾಪಿಗೆ ಮಾತ್ರ ಅವರ ದನಿ ಬರುತ್ತಿತ್ತು. ಟೈಪು ಮಾಡಲು ಅವರಿಗೆ ಬಾರದು. ಮದಕರಿಪುರದಲ್ಲಿ ಒಬ್ಬರು ಅವರೆ, ಕೊಳಲು, ಮಧ್ಯಾಹ್ನ ಮೂರರ ಮೇಲೆ ಹೋಗ್ರಿ, ಎಂದು ಉಸಿರು ಎಳೆದೆಳೆದು ಹೇಳಿದ್ದು ಕೊನೆಯದು. ಅದಾಗಿ ನಾಲ್ಕು ದಿನಕ್ಕೆ ತೀರಿಕೊಂಡರು. ಓಬಣ್ಣನವರ ತೋಡಿಯ ಕೊನೆ ಅವರ ಕಿವಿಗೆ ಬೀಳಲೇ ಇಲ್ಲ.

ಸುದ್ದಿ ಕೇಳಿ ಮನೆಗೆ ಹೋದೆ. ಗಂಡಸರು ಮಣ್ಣಿಗೆ ಹೋಗಿ ವಾಪಸು ಬರುತ್ತಿದ್ದರು. ಅದೇ ಬೀದಿಯಲ್ಲಿದ್ದ ಅವರ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಓಬಣ್ಣನವರು ಬರಿಗೈಯಲ್ಲಿ ಕುಳಿತಿದ್ದರು. ನುಡಿಸುವವರು ಸಾವಿನ ಮನೆಗೆ ವಾದ್ಯವಿಲ್ಲದೆ ಬಂದಾಗ ಕೈಯನ್ನು ಎಲ್ಲಿಡಬೇಕೆಂದು ಅವರಿಗೇ ತಿಳಿಯುವುದಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಎರಡು ವರ್ಷದಿಂದ ಹೇಳಬೇಕಾದ್ದನ್ನು ಹೇಳಿದೆ.

"ಅದಕ್ಕೇನಮ್ಮ" ಎಂದರು. "ಎಲ್ಲಾರೂ ಎತ್ತತಾರೆ. ಎತ್ತದೇ ಇದ್ದೋರು ಇವರೊಬ್ರೇ." ಆಮೇಲೆ ಹೇಳಿದರು. "ನೀವು ಕರೆದ್ರೆ ಬರ್ತೀನಿ. ಎಷ್ಟು ನಿಮಿಷ ಅಂತ ಮಾತ್ರ ಮೊದ್ಲೇ ಹೇಳಿಬಿಡ್ರಿ."

ಮರುದಿನ ಸಮಿತಿಯ ಸಭೆಯಲ್ಲಿ ನಾನು ಓಬಣ್ಣನವರಿಗೆ ಪೂರ್ತಿ ಕಛೇರಿ ಕೇಳಿದೆ. ಅಧ್ಯಕ್ಷರು ನಕ್ಕು, ಶ್ರದ್ಧಾಂಜಲಿಯ ದಿನ ಐದು ನಿಮಿಷ ಬೇಕಾದರೆ ಇಡೋಣ ಎಂದರು. ರಾಜೀನಾಮೆ ಅಲ್ಲೇ ಬರೆದುಕೊಟ್ಟೆ. ನಾಲ್ಕು ಪುಟದ ನನ್ನ ಲೇಖನ ಎರಡು ಸಾಲಾದದ್ದು ಆಮೇಲೆ.

ಹೋದ ಭಾನುವಾರ ಬೆಳಿಗ್ಗೆ ನಾವು, ಸಾಬ್ರ ಬಸ್ಸಿನವರು, ನನ್ನ ಹಳೇ ಶಾಲೆಯ ದೊಡ್ಡ ಕೋಣೆಯನ್ನು ಕೇಳಿ ಪಡೆದೆವು. ಆಹ್ವಾನ ಪತ್ರಿಕೆ ಇಲ್ಲ. ಫೋನಿನಲ್ಲಿ ಒಂದೇ ಸಾಲು: ಓಬಣ್ಣನವರು, ಕ್ಲಾರಿನೆಟ್, ಹತ್ತು ಗಂಟೆಗೆ, ಬಸ್‌ಸ್ಟ್ಯಾಂಡಿನಿಂದ ನಡೆದೇ ಬರಬಹುದು. ಅಧ್ಯಕ್ಷರಿಲ್ಲ, ಉದ್ಘಾಟಕರಿಲ್ಲ, ಸ್ವಾಗತ ಭಾಷಣ ಇಲ್ಲ. ಮೈಕು ಇಡಲಿಲ್ಲ, ಕೋಣೆ ಅಷ್ಟು ದೊಡ್ಡದಲ್ಲ, ಇಡುವವರೂ ಇರಲಿಲ್ಲ. ಈರಕ್ಕ ಕುರಿಗಳನ್ನು ಯಾರಿಗೋ ಒಪ್ಪಿಸಿ ಹಿರಿಯೂರಿನಿಂದ ಬಂದಿದ್ದರು. ಹೊಳಲ್ಕೆರೆಯ ಹಾರ್ಮೋನಿಯಂನವರು ಬಂದಿದ್ದರು. ಸಾಬ್ರ ಹೆಂಡತಿ ಗಂಡ ತೀರಿದ ಮೇಲಿನ ಇದ್ದತ್ ಮುಗಿಯದೆ ಇನ್ನೂ ಮನೆಯಿಂದ ಹೊರಗೆ ಬರುವಂತಿರಲಿಲ್ಲ, ಒಂದು ಡಬ್ಬಿ ತುಂಬ ಖರ್ಜೂರ ಕಳಿಸಿದ್ದರು. ಎಲ್ಲ ಸೇರಿ ಒಂದು ಕೋಣೆಯಷ್ಟು ಜನ, ನೆಲದ ಮೇಲೆ ಜಮಖಾನ.

"ಎಷ್ಟು ನಿಮಿಷ?" ಎಂದು ಓಬಣ್ಣನವರು ಕೇಳಿದರು.

"ಗೊತ್ತಿಲ್ಲ. ನೀವೇ ಹೇಳಬೇಕು" ಎಂದೆ.

ತೋಡಿ ಶುರು ಮಾಡಿದರು. ಇಪ್ಪತ್ತು ನಿಮಿಷ ದಾಟಿತು. ಅಲ್ಲಿಂದ ಮುಂದಿನದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೇಲಕ್ಕೆ ಏರಿ ನಿಂತ ಒಂದು ಸ್ವರದಲ್ಲಿ ಅವರು ಕಣ್ಣು ತೆರೆದು ನಮ್ಮನ್ನೆಲ್ಲ ನೋಡಿದರು. ನನಗೆ ಕೂಡಲೇ ಅರ್ಥವಾಯಿತು, ಅವರು ಕೈ ಹುಡುಕುತ್ತಿದ್ದರು. ಈಗ ಯಾರಾದರೂ ಎತ್ತಬೇಕು, ಯಾವಾಗಲೂ ಎತ್ತುತ್ತಾರೆ. ಒಬ್ಬೊಬ್ಬರ ಮುಖವನ್ನೂ ನೋಡಿದರು, ನನ್ನದನ್ನೂ ನೋಡಿದರು. ನಾನು ಎರಡು ಅಂಗೈಯನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತಿದ್ದೆ. ಕೋಣೆಯಲ್ಲಿ ಯಾರೂ ಅಲುಗಾಡಲಿಲ್ಲ. ಅವರು ಮತ್ತೆ ಕಣ್ಣು ಮುಚ್ಚಿದರು, ಉಸಿರು ತೆಗೆದುಕೊಂಡು ಅಲ್ಲಿಂದ ಮುಂದಕ್ಕೆ ಹೋದರು. ಅಲ್ಲಿಗೆ ಹೋದ ಮೇಲೆ ನಮ್ಮ ನೆನಪೇ ಅವರಿಗೆ ಇದ್ದಂತೆ ಕಾಣಲಿಲ್ಲ.

ಹನ್ನೊಂದೂವರೆಯ ಸುಮಾರಿಗೆ ರಾಗ ಕೆಳಗಿನ ಷಡ್ಜಕ್ಕೆ ಬಂದು, ಸ್ವಲ್ಪ ಹೊತ್ತು ಅಲ್ಲೇ ಇದ್ದು, ನಿಂತಿತು. ಅವರೇ ನಿಲ್ಲಿಸಿದರು. ಈರಕ್ಕ ಸೆರಗಲ್ಲಿ ಕಣ್ಣೊರೆಸಿಕೊಂಡರು, ನಾನು ಒರೆಸಿಕೊಳ್ಳಲೂ ಇಲ್ಲ. ಓಬಣ್ಣನವರು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಗಡಿಯಾರವನ್ನು ನೋಡಿದರು, ಮತ್ತೆ ನಮ್ಮನ್ನು ನೋಡಿದರು.

"ಇಷ್ಟು ಉದ್ದ ಐತೆ ಅಂತ ನಂಗೇ ಗೊತ್ತಿರಲಿಲ್ಲ" ಎಂದರು.